ನೋಡಿದ್ದಕ್ಕೂ ದುಡ್ಡಾ?

ನಮ್ಮ ಮನೆಗೆ ಫ್ರಿಜ್ ಬಂದದ್ದು 2003ರಲ್ಲಿ. ಒಂದೇ ಬಾಗಿಲಿನ 165 ಲೀಟರಿನದು. ಆಗ ಫ್ರಿಜ್ ಇದ್ದ ಯಾರ ಮನೆಗೆ ಹೋದರೂ ಅಡುಗೆಮನೆಯ ಮೂಲೆಯಲ್ಲಿ ಅಂಥದ್ದೇ ನಿಂತಿರುತ್ತಿತ್ತು. ಹದಿನಾರು ವರ್ಷ ತಕರಾರಿಲ್ಲದೆ ನಡೆದದ್ದು 2019ರ ಏಪ್ರಿಲ್‌ನಲ್ಲಿ ಕೈಕೊಟ್ಟಿತು. ಬೆಳಗಿನ ಕಾಫಿಗೆ ಕಾಯಿಸಲಿಟ್ಟ ಹಾಲು ಒಡೆಯಿತು. ರಾತ್ರಿ ಒಳಗಿಟ್ಟಿದ್ದ ದೋಸೆಹಿಟ್ಟು ಉಕ್ಕಿ ಮುಚ್ಚಳ ಎತ್ತಿತ್ತು. ಫೋನ್ ಮಾಡಿದ ಮೇಲೆ ಬಂದ ಮೆಕ್ಯಾನಿಕ್ ಹಿಂದಿನ ಕಾಯಿಲ್ ಮೇಲೆ ಕೈಯಿಟ್ಟ, ಫ್ರೀಜರ್ ಬಾಗಿಲು ತೆಗೆದು ಮುಚ್ಚಿದ, ‘ಗ್ಯಾಸ್ ಹೋಗಿದೆ ಸಾರ್, ತುಂಬಬೇಕು’ ಅಂದ. ಐದು ನಿಮಿಷವೂ ಆಗಿರಲಿಲ್ಲ. ತುಂಬಿದ, 2,200 ರೂಪಾಯಿ ತೆಗೆದುಕೊಂಡು ಹೋದ. ಮೂರು ವಾರ ಫ್ರಿಜ್ ಚೆನ್ನಾಗಿಯೇ ನಡೆಯಿತು. ಆಮೇಲೆ ಮತ್ತೆ ಹಾಲು ಒಡೆಯಿತು.

ಎರಡನೆಯ ಸಲ ಬಂದವರು ಅರವತ್ತು ದಾಟಿದ ಹಿರಿಯರು. ಬಂದವರು ಚೀಲ ಬಿಚ್ಚಲಿಲ್ಲ, ಅಮ್ಮನನ್ನು ಕೇಳುತ್ತ ಕೂತರು. ಒಂದೇ ದಿನದಲ್ಲಿ ಹೀಗಾಯಿತೋ, ದಿನಕ್ಕಿಷ್ಟು ತಂಪು ಕಡಿಮೆಯಾಗುತ್ತ ಬಂತೋ? ಐಸ್ ಕಟ್ಟುತ್ತಿತ್ತೇ? ಫ್ರೀಜರಿನ ಯಾವ ಮೂಲೆಯಲ್ಲಿ? ಮೋಟಾರು ನಿಂತು ನಿಂತು ಓಡುತ್ತದೋ, ನಿಲ್ಲುವುದೇ ಇಲ್ಲವೋ? ಆಮೇಲೆ ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದು, ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಹಿಂಬದಿಯ ಕೊಳವೆಗಳನ್ನು ಗೇಣು ಗೇಣಾಗಿ ನೋಡಿದರು. ಎಲ್ಲೆಲ್ಲೂ ಒಣಗಿದ ಬೂದು ಬಣ್ಣದ ಧೂಳು. ಕಂಪ್ರೆಸರಿನಿಂದ ಮೇಲೇರುವ ತಾಮ್ರದ ಕೊಳವೆ ತಗಡಿನ ಅಂಚಿಗೆ ತಾಗುವ ಒಂದು ಕಡೆ ಮಾತ್ರ ಧೂಳು ಕಪ್ಪಗೆ, ಜಿಡ್ಡಾಗಿ, ಮೆತ್ತಿಕೊಂಡಿತ್ತು. ಅದನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದರು. ‘ಎಣ್ಣೆ. ಗ್ಯಾಸ್ ಹೊರಗೆ ಹೋಗುವಾಗ ಕಂಪ್ರೆಸರ್ ಎಣ್ಣೆಯನ್ನೂ ಚೂರು ಚೂರು ಕರಕೊಂಡು ಹೋಗ್ತದೆ. ಗ್ಯಾಸ್ ಕಣ್ಣಿಗೆ ಕಾಣಲ್ಲ, ಎಣ್ಣೆ ಕಾಣ್ತದೆ.’ ಸೋಪಿನ ನೊರೆ ಹಚ್ಚಿದರು. ಸ್ವಲ್ಪ ಹೊತ್ತಿಗೆ ಸಾಸಿವೆ ಕಾಳಿನಷ್ಟು ಗುಳ್ಳೆಯೊಂದು ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಹದಿನಾರು ವರ್ಷದ ನಡುಕಕ್ಕೆ ಕೊಳವೆ ತಗಡಿಗೆ ಉಜ್ಜಿ ಉಜ್ಜಿ ಸವೆದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ಬಿರುಕು ಬೆಸೆದರು, ಫಿಲ್ಟರ್ ಬದಲಿಸಿದರು, ವ್ಯಾಕ್ಯೂಮ್ ಪಂಪ್ ಹಚ್ಚಿ ಕೊಳವೆಗಳೊಳಗಿನ ಗಾಳಿ, ತೇವ ಎಲ್ಲ ಎಳೆದರು. ಆಮೇಲೆ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದರು. ಕೊನೆಗೆ ಲೆಕ್ಕ ಹೇಳುವಾಗ ಸಾಮಾನು, ಕೂಲಿ ಆದ ಮೇಲೆ ‘ನೋಡಿದ್ದಕ್ಕೆ ಇನ್ನೂರು’ ಎಂದು ಬೇರೆಯಾಗಿ ಹೇಳಿದರು. ಅಪ್ಪನಿಗೆ ಆಶ್ಚರ್ಯವಾಯಿತು. ‘ನೋಡಿದ್ದಕ್ಕೂ ದುಡ್ಡಾ?’

ಅಪ್ಪ ಜಿಪುಣರಲ್ಲ. ಆ ಪ್ರಶ್ನೆ ನಮ್ಮೆಲ್ಲರದೂ ಹೌದು. ಹಾಳಾದ ಹಳೆಯ ಯಂತ್ರದ ಮುಂದೆ ನಿಂತಾಗ ನಮಗೆ ಬೇಕಾದದ್ದು ಕಾರಣ, ಆದರೆ ನಾವು ದುಡ್ಡು ಕೊಡುವುದು ವಸ್ತುವಿಗೆ. ಕಾರಣ ಹುಡುಕುವವರ ಕಸುಬು ನಮ್ಮ ಊರುಗಳಲ್ಲಿ ಸೊರಗುತ್ತಿರುವುದಕ್ಕೆ, ಇನ್ನೂ ಹತ್ತು ವರ್ಷ ಬಾಳಬಹುದಾದ ಫ್ರಿಜ್ಜುಗಳು ಗುಜರಿ ಅಂಗಡಿ ಸೇರುತ್ತಿರುವುದಕ್ಕೆ ಈ ಒಂದು ಅಭ್ಯಾಸವೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಮೊದಲು ಬಂದ ಹುಡುಗ ಸುಳ್ಳು ಹೇಳಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಗ್ಯಾಸ್ ನಿಜವಾಗಿಯೂ ಹೋಗಿತ್ತು. ಆದರೆ ‘ಗ್ಯಾಸ್ ಹೋಗಿದೆ’ ಅನ್ನುವುದು ‘ಜ್ವರ ಬಂದಿದೆ’ ಅಂದ ಹಾಗೆ. ಅದು ಲಕ್ಷಣ, ರೋಗವಲ್ಲ. ಅಡುಗೆ ಸಿಲಿಂಡರಿನ ಅನಿಲ ಉರಿದು ಮುಗಿಯುತ್ತದೆ, ಗಾಡಿಯ ಪೆಟ್ರೋಲ್ ಸುಟ್ಟು ಖಾಲಿಯಾಗುತ್ತದೆ. ಫ್ರಿಜ್ಜಿನ ಗ್ಯಾಸ್ ಹಾಗೆ ಖರ್ಚಾಗುವ ಪದಾರ್ಥವೇ ಅಲ್ಲ. ಫ್ರೀಜರಿನ ಸುತ್ತಣ ಕೊಳವೆಯಲ್ಲಿ ದ್ರವವಾಗಿದ್ದದ್ದು ಕುದಿದು ಆವಿಯಾಗುತ್ತದೆ, ಹಾಗಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹಿಂಬದಿಯ ಕಪ್ಪು ಕಾಯಿಲ್‌ಗೆ ತಳ್ಳುತ್ತದೆ. ಅಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ, ಒಳವ್ಯಾಸ ಒಂದು ಮಿಲಿಮೀಟರೂ ಇಲ್ಲದ ಕ್ಯಾಪಿಲರಿ ಕೊಳವೆಯಲ್ಲಿ ನುಸುಳಿ ಮತ್ತೆ ಫ್ರೀಜರಿಗೆ ಬರುತ್ತದೆ. ನಮ್ಮ ಫ್ರಿಜ್ಜಿನ ಆರ್-134ಎ ಗ್ಯಾಸ್, ಸಾಧಾರಣ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು. ಅಂಥ ನೂರು ಗ್ರಾಮಿನ ಆಸುಪಾಸು, ಬೆಸುಗೆ ಹಾಕಿ ಮುಚ್ಚಿದ ದಾರಿಯಲ್ಲಿ ಇಪ್ಪತ್ತು ಮೂವತ್ತು ವರ್ಷ ಸುತ್ತುತ್ತಲೇ ಇರಬಲ್ಲದು. ಅದು ಕಡಿಮೆಯಾಗಿದೆ ಅಂದರೆ ಎಲ್ಲೋ ತೂತಾಗಿದೆ ಅಂತಲೇ ಅರ್ಥ. ತೂತು ಮುಚ್ಚದೆ ತುಂಬಿಸುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ.

ಇಷ್ಟು ಒಪ್ಪಿಕೊಂಡರೆ ಇನ್ನೊಂದು ಮಾತೂ ಬರುತ್ತದೆ. ತಂಪಾಗದ ಹಳೆಯ ಫ್ರಿಜ್ಜುಗಳಲ್ಲಿ ಎಷ್ಟೋ ಸಲ ಗ್ಯಾಸಿನ ತಂಟೆಯೇ ಇರುವುದಿಲ್ಲ.

ಬಾಗಿಲಿನ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ಟನ್ನೇ ನೋಡಿ. ಅದರೊಳಗೆ ಅಯಸ್ಕಾಂತದ ಪಟ್ಟಿಯಿದೆ. ನಮ್ಮ ಮನೆಗಳಲ್ಲಿ ಉಕ್ಕಿದ ದೋಸೆಹಿಟ್ಟು, ಚೆಲ್ಲಿದ ಹಾಲು, ಸಾರಿನ ಜಿಡ್ಡು ಅದರ ಮಡಿಕೆಗಳಲ್ಲಿ ಒಣಗಿ ಕೂತು, ಬಾಗಿಲು ಮುಚ್ಚಿದಂತೆ ಕಂಡರೂ ಮುಚ್ಚಿರುವುದಿಲ್ಲ. ಹತ್ತು ರೂಪಾಯಿಯ ನೋಟನ್ನು ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿಂದ ಬಿಸಿಗಾಳಿ ಒಳಗೆ ಹೋಗುತ್ತಿದೆ. ಹಾಗೆಯೇ ಸುತ್ತಲೂ ಮಾಡುತ್ತ ಬನ್ನಿ. ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚ್ ಹೊತ್ತಿಸಿ ಒಳಗಿಟ್ಟು ಬಾಗಿಲು ಮುಚ್ಚಿದರೂ ಬೆಳಕು ಎಲ್ಲಿಂದ ಸೋರುತ್ತದೆಂದು ಗೊತ್ತಾಗುತ್ತದೆ. ಉಗುರು ಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದರೆ ಅರ್ಧ ಗ್ಯಾಸ್ಕೆಟ್ಟುಗಳು ಸರಿಹೋಗುತ್ತವೆ. ಸೆಟೆದುಕೊಂಡದ್ದನ್ನು ಬಿಸಿನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ ತಿದ್ದಬಹುದು. ಸೀಳಿದ್ದರೆ ಮಾತ್ರ ಹೊಸದು ಬೇಕು.

ಹಿಂಬದಿಯ ಕಾಯಿಲ್ ಗತಿಯೂ ಇದೇ. ಫ್ರಿಜ್ಜು ಒಳಗಿನ ಶಾಖವನ್ನೆಲ್ಲ ಹೊತ್ತು ತಂದು ಇಳಿಸುವುದು ಅಲ್ಲಿ. ಗೋಡೆಗೆ ಅಂಟಿಸಿ ನಿಲ್ಲಿಸಿದರೆ, ಧೂಳು ಜೇಡರಬಲೆ ಹೊದೆಸಿದರೆ, ಇಳಿಸಲು ಜಾಗವೇ ಇರುವುದಿಲ್ಲ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ ಹೊರಗೇ 42 ಡಿಗ್ರಿ ಇರುವಾಗ, ಒಲೆಯ ಪಕ್ಕದಲ್ಲಿ ನಿಲ್ಲಿಸಿದ ಫ್ರಿಜ್ಜು ತನ್ನ ಶಾಖವನ್ನು ಯಾರಿಗೆ ಕೊಟ್ಟೀತು? ಉಷ್ಣವಲಯಕ್ಕೆಂದೇ ಮಾಡಿದ ಫ್ರಿಜ್ಜುಗಳನ್ನೂ ಸುತ್ತಲಿನ ಗಾಳಿ 43 ಡಿಗ್ರಿಯವರೆಗೆ ಇದ್ದರೆ ಎಂಬ ಲೆಕ್ಕದಲ್ಲಿಯೇ ರೂಪಿಸಿರುತ್ತಾರೆ. ಪ್ಲಗ್ ಕಿತ್ತು ಒಣ ಬ್ರಷ್ಷಿನಿಂದ ಕಾಯಿಲ್ ಉಜ್ಜಿ ಗೋಡೆಯಿಂದ ಒಂದು ಗೇಣು ದೂರ ಸರಿಸಿದ ಮಾತ್ರಕ್ಕೆ ಸರಿಹೋದ ಫ್ರಿಜ್ಜುಗಳನ್ನು ನಾನು ಕಂಡಿದ್ದೇನೆ.

ಕರೆಂಟಿನ ಕಥೆ ಬೇರೆ. ಹಳ್ಳಿಯ ಕಡೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ 230 ಇರಬೇಕಾದ ವೋಲ್ಟೇಜ್ ಬಹಳ ಕೆಳಗೆ ಇಳಿಯುತ್ತದೆ. ಆಗ ಕಂಪ್ರೆಸರ್ ‘ಗುಂ’ ಎಂದು ಏಳಲು ನೋಡಿ, ಏಳಲಾರದೆ, ‘ಟಕ್’ ಎಂದು ಕೂರುತ್ತದೆ. ಕೆಲವು ನಿಮಿಷಕ್ಕೆ ಮತ್ತೆ ಗುಂ, ಮತ್ತೆ ಟಕ್. ಒಳಗಿನ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ, ಆದ್ದರಿಂದ ಕರೆಂಟ್ ಸರಿಯಿದೆ ಅಂದುಕೊಳ್ಳುತ್ತೇವೆ. ವೋಲ್ಟೇಜ್ ಸರಿಯಿದ್ದೂ ಈ ಸದ್ದು ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಕಂಪ್ರೆಸರಿನ ಪಕ್ಕದ ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇಯನ್ನು. ಅದು ಕೆಲವು ನೂರು ರೂಪಾಯಿಯ ಸಾಮಾನು. ಅದನ್ನು ನೋಡದೆಯೇ ಕಂಪ್ರೆಸರ್ ಹೋಯಿತು ಎಂದು ಸಾವಿರಗಟ್ಟಲೆ ಹೇಳುವವರಿದ್ದಾರೆ.

ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸಿದ್ದು ಆ ಹಿರಿಯರು ಮಂಜನ್ನು ಓದುವ ರೀತಿ. ಗ್ಯಾಸ್ ಸರಿಯಾಗಿದ್ದರೆ ಫ್ರೀಜರಿನ ಮೈತುಂಬ ಮಂಜು ತೆಳ್ಳಗೆ, ಒಂದೇ ಸಮನೆ ಕೂರುತ್ತದೆ. ಗ್ಯಾಸ್ ಕಡಿಮೆಯಾಗಿದ್ದರೆ ಕ್ಯಾಪಿಲರಿ ಬಂದು ಸೇರುವ ಮೂಲೆಯಲ್ಲಿ ಮಾತ್ರ ದಪ್ಪಗೆ ಕಟ್ಟಿ ಉಳಿದ ಭಾಗ ಬೆವರುತ್ತಿರುತ್ತದೆ. ನಮ್ಮದು ಹಾಗೇ ಇತ್ತು. ಕೆಲವು ಗಂಟೆ ಚೆನ್ನಾಗಿ ತಂಪಾಗಿ, ತಾನೇ ನಿಂತು, ಆರಿಸಿ ಹಚ್ಚಿದರೆ ಮತ್ತೆ ತಂಪಾಗತೊಡಗಿದರೆ ಒಳಗೆ ತೇವ ಸೇರಿದೆ. ಆ ಹನಿ ಕ್ಯಾಪಿಲರಿಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ, ಕರಗಿದಾಗ ಬಿಡುತ್ತದೆ. ವ್ಯಾಕ್ಯೂಮ್ ಮಾಡದೆ ಗ್ಯಾಸ್ ತುಂಬಿದ ಫ್ರಿಜ್ಜುಗಳಿಗೆ ಬರುವ ಕಾಯಿಲೆ ಇದು. ಇನ್ನು ಮಂಜು ಬೆರಳು ದಪ್ಪ ಕಟ್ಟಿದೆ, ಕೆಳಗೆ ಮಾತ್ರ ತಂಪಿಲ್ಲ ಅಂದರೆ ಆ ಮಂಜೇ ಕಂಬಳಿಯಾಗಿ ತಂಪು ಹೊರಬಾರದಂತೆ ಹೊದ್ದು ಕೂತಿದೆ. ಡಿಫ್ರಾಸ್ಟ್ ಗುಂಡಿ ಒತ್ತಿ, ಇಲ್ಲವೇ ಆರಿಸಿ, ಬಾಗಿಲು ತೆರೆದಿಟ್ಟು ಕಾಯಬೇಕು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತಬಾರದು. ಹಳೆಯ ಫ್ರೀಜರಿನ ಗೋಡೆ ತೆಳು ಅಲ್ಯೂಮಿನಿಯಂ ತಗಡು, ಗ್ಯಾಸಿನ ದಾರಿ ಆ ತಗಡಿನೊಳಗೇ ಇದೆ. ಎಷ್ಟೋ ಒಳ್ಳೆಯ ಫ್ರಿಜ್ಜುಗಳು ಆತುರದ ಒಂದು ಚಾಕುವಿನ ತುದಿಗೆ ಸತ್ತಿವೆ.

ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್ಜುಗಳಲ್ಲಿ ಮಂಜು ಕಣ್ಣಿಗೆ ಬೀಳುವುದಿಲ್ಲ, ಫ್ರೀಜರಿನ ಹಿಂದಿನ ತಟ್ಟೆಯ ಆಚೆ ಅಡಗಿರುತ್ತದೆ. ಮೇಲೆ ಐಸ್ ಕಟ್ಟುತ್ತದೆ, ಕೆಳಗೆ ತರಕಾರಿ ಬಾಡುತ್ತದೆ ಅಂದರೆ ಒಂದು ಪರೀಕ್ಷೆ ಮಾಡಬಹುದು. ಸಾಮಾನೆಲ್ಲ ತೆಗೆದು, ಆರಿಸಿ, ಬಾಗಿಲು ತೆರೆದು ಒಂದು ಇಡೀ ದಿನ ಬಿಡಿ. ಮತ್ತೆ ಹಚ್ಚಿದಾಗ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಅದೇ ತೊಂದರೆ ಬಂದರೆ ಗ್ಯಾಸೂ ಕಂಪ್ರೆಸರೂ ಸರಿಯಿವೆ. ಮಂಜು ಕರಗಿಸಬೇಕಾದ ಹೀಟರ್, ಟೈಮರ್ ಅಥವಾ ಸೆನ್ಸರ್‌ಗಳಲ್ಲಿ ಒಂದು ಕೆಲಸ ನಿಲ್ಲಿಸಿದೆ. ಕಾಸು ಖರ್ಚಿಲ್ಲದ ಪರೀಕ್ಷೆ. ಬೇಕಾದದ್ದು ಒಂದು ದಿನದ ತಾಳ್ಮೆ.

ಹಾಗೆಂದು ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ ಎಂದು ನಾನು ಹೇಳುತ್ತಿಲ್ಲ. ಮುಚ್ಚಿದ ಕೊಳವೆಗಳಿಗೆ, ಒಳಗಿನ ತಂತಿಗಳಿಗೆ ತಿಳಿಯದವರು ಕೈಹಾಕಬಾರದು. ಈಚಿನ ಫ್ರಿಜ್ಜುಗಳಲ್ಲಿರುವ ಆರ್-600ಎ ಅಂದರೆ ಐಸೊಬ್ಯೂಟೇನ್, ನಮ್ಮ ಅಡುಗೆ ಅನಿಲದ ಬಳಗದ್ದೇ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನನ್ನ ಮಾತು ಇಷ್ಟೇ. ಮೆಕ್ಯಾನಿಕ್ ಬರುವ ಮೊದಲು ನಾವು ನೋಡಿದ್ದು, ಕೇಳಿದ್ದು, ಮುಟ್ಟಿದ್ದು ನಮ್ಮ ಬಳಿ ಇರಬೇಕು. ‘ಮೋಟಾರು ಓಡ್ತಿದೆ, ಹಿಂದಿನ ಕಾಯಿಲ್ ಬಿಸಿಯಾಗ್ತಿಲ್ಲ, ಮೂಲೆಯಲ್ಲಿ ಮಾತ್ರ ಐಸ್’ ಎಂದು ಹೇಳುವ ಮನೆಯಲ್ಲಿ ‘ಗ್ಯಾಸ್ ಹೋಗಿದೆ’ ಎಂಬ ಒಂದೇ ಮಾತಿಗೆ ಕೆಲಸ ಮುಗಿಯುವುದಿಲ್ಲ. ‘ಎಲ್ಲಿ ಹೋಗಿದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆ ಪ್ರಶ್ನೆ ಕೇಳಿದ ಮೇಲೆ ಉತ್ತರ ಹುಡುಕುವವನಿಗೆ ದುಡ್ಡೂ ಕೊಡಬೇಕು. ಮೆಕ್ಯಾನಿಕ್‌ನ ಕಡೆಯಿಂದ ಯೋಚಿಸಿ ನೋಡಿ. ಅವನು ನಗರದ ಟ್ರಾಫಿಕ್‌ನಲ್ಲಿ ಒಂದು ಗಂಟೆ ಬೈಕ್ ಓಡಿಸಿಕೊಂಡು ಬರುತ್ತಾನೆ. ನೋಡುತ್ತಾನೆ. ಗ್ಯಾಸ್ಕೆಟ್ ತೊಳೆದರೆ ಸಾಕು ಎಂದು ನಿಜ ಹೇಳಿದರೆ ನಾವು ‘ಅಷ್ಟೇನಾ’ ಎಂದು ಕಾಫಿ ಕೊಟ್ಟು ಕಳಿಸುತ್ತೇವೆ. ಗ್ಯಾಸ್ ತುಂಬಿದರೆ ಎರಡು ಸಾವಿರ ಎಣಿಸಿ ಕೊಡುತ್ತೇವೆ. ನಿಜ ಹೇಳಿದ್ದಕ್ಕೆ ಕೈ ಖಾಲಿ, ತಿಳಿದೂ ಹೇಳದಿದ್ದಕ್ಕೆ ಕೈತುಂಬ ದುಡ್ಡು. ವರ್ಷಗಟ್ಟಲೆ ಹೀಗೇ ನಡೆದರೆ ಎಂಥ ಪ್ರಾಮಾಣಿಕನೂ ಎಷ್ಟು ದಿನ ತಡೆದಾನು? ಐಟಿಐಯಲ್ಲಿ ಎರಡು ವರ್ಷ ರೆಫ್ರಿಜರೇಶನ್ ಟ್ರೇಡ್ ಓದಿ ಬಂದ ಹುಡುಗರಿಗೆ ಸೋರಿಕೆ ಪತ್ತೆ ಮಾಡುವುದು, ಮೀಟರ್ ಹಿಡಿದು ರಿಲೇ, ಥರ್ಮೋಸ್ಟಾಟ್ ಪರೀಕ್ಷಿಸುವುದು ಬಾರದೇ ಇಲ್ಲ. ಆ ಅರ್ಧ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲವೆಂದು ಅವರಿಗೆ ಕಲಿಸಿದವರು ನಾವು. ಡಾಕ್ಟರು ಬರೀ ನಾಡಿ ನೋಡಿ ‘ಏನಿಲ್ಲ, ವಿಶ್ರಾಂತಿ ತಗೊಳ್ಳಿ’ ಅಂದರೂ ಫೀಸು ಕೊಟ್ಟು ಬರುತ್ತೇವೆ. ಅದು ತಿಳಿವಳಿಕೆಗೆ ಕೊಟ್ಟ ದುಡ್ಡು ಎಂಬ ಅರಿವು ಅಲ್ಲಿ ನಮಗಿದೆ. ಸ್ಪ್ಯಾನರ್ ಹಿಡಿದ ಕೈಯಲ್ಲೂ ತಿಳಿವಳಿಕೆ ಇರುತ್ತದೆ ಎಂದು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಇದರಲ್ಲಿ ಕೈಕಸುಬನ್ನು ಕೀಳಾಗಿ ಕಂಡ ನಮ್ಮ ಹಳೆಯ ಚಾಳಿಯ ಪಾಲೂ ಇದೆ ಎಂದೇ ನನ್ನ ಅನಿಸಿಕೆ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಹಳೆಯ ಫ್ರಿಜ್ಜು ಕರೆಂಟು ಕುಡಿಯುತ್ತದೆ, ರಿಪೇರಿ ಮಾಡಿಸುತ್ತ ಕೂರುವುದಕ್ಕಿಂತ ಹೊಸದು ತರುವುದೇ ಲಾಭ ಎನ್ನುತ್ತಾರೆ. ಇದನ್ನು ತಳ್ಳಿಹಾಕಲಾಗದು, ಲೆಕ್ಕ ಹಾಕಬೇಕು. ನಾವು ಎರಡು ದಿನ ಊರಿಗೆ ಹೋದಾಗ ಫ್ರಿಜ್ ಒಂದನ್ನು ಬಿಟ್ಟು ಎಲ್ಲವನ್ನೂ ಆರಿಸಿ, ಹೋಗುವಾಗ ಬರುವಾಗ ಮೀಟರ್ ಬರೆದುಕೊಂಡೆ. 2.8 ಯೂನಿಟ್. ವರ್ಷಕ್ಕೆ 500 ದಾಟುತ್ತದೆ, ಬಾಗಿಲು ತೆಗೆದು ಹಾಕುವುದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಇವತ್ತಿನ ಸ್ಟಾರ್ ಲೇಬಲ್ಲಿನ ಒಂದೇ ಬಾಗಿಲಿನ ಫ್ರಿಜ್ಜು ವರ್ಷಕ್ಕೆ 150ರಿಂದ 200 ಯೂನಿಟ್ಟಿನಲ್ಲಿ ನಡೆಯುತ್ತದೆ. ಉಳಿತಾಯ ಮುನ್ನೂರಕ್ಕೂ ಹೆಚ್ಚು ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿಯ ಹಾಗೆ ವರ್ಷಕ್ಕೆ ಎರಡು ಸಾವಿರ. ಹದಿನೈದು ಸಾವಿರದ ಹೊಸ ಫ್ರಿಜ್ಜು ತನ್ನ ಬೆಲೆ ತೀರಿಸಲು ಏಳೆಂಟು ವರ್ಷ ಬೇಕು. ಹಾಗಾಗಿ ಸಾವಿರ, ಎರಡು ಸಾವಿರದಲ್ಲಿ ಮುಗಿಯುವ ರಿಪೇರಿಗೆ ನಾನು ಎರಡು ಬಾರಿ ಯೋಚಿಸುವುದಿಲ್ಲ. ಕಂಪ್ರೆಸರೇ ಬದಲಿಸಬೇಕು ಎಂದಾಗ ಲೆಕ್ಕ ಬದಲಾಗುತ್ತದೆ. ಫೋಮಿನೊಳಗೆ ಹೂತ ಕೊಳವೆ ತೂತಾಗಿದ್ದರಂತೂ ಬಿಟ್ಟುಬಿಡುವುದೇ ಮೇಲು.

ಆದರೆ ಈ ಲೆಕ್ಕ ನಡೆಯುವುದು ಫ್ರಿಜ್ಜು ಆರೋಗ್ಯವಾಗಿದ್ದರೆ ಮಾತ್ರ. 120 ವಾಟಿನ ಕಂಪ್ರೆಸರ್ ಅರ್ಧ ಹೊತ್ತು ಓಡಿದರೆ ತಿಂಗಳಿಗೆ 43 ಯೂನಿಟ್. ಗ್ಯಾಸ್ಕೆಟ್ ಸೋರಿ, ಕಾಯಿಲ್ ಧೂಳು ಹಿಡಿದು ನಿಲ್ಲದೆ ಓಡಿದರೆ 86. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿರುವ ಮನೆಗೆ ಈ ವ್ಯತ್ಯಾಸ ದೊಡ್ಡದು. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಫ್ರಿಜ್ಜು ತಂಪು ಮಾಡುತ್ತಲೇ ಇದೆ, ಕಾಯಿಲೆ ಬಿಲ್ಲಿನಲ್ಲಿ ಕಾಣಿಸಿಕೊಂಡಿದೆ.

ಲೆಕ್ಕದಲ್ಲಿ ಸೇರದೆ ಉಳಿಯುವುದೊಂದಿದೆ, ಗಾಳಿಗೆ ಬಿಟ್ಟ ಗ್ಯಾಸ್. 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್, ಫ್ರಿಜ್ಜುಗಳಲ್ಲಿದ್ದ ಸಿಎಫ್‌ಸಿ ಅನಿಲಗಳ ಬಳಗ ಓಝೋನ್ ಪದರವನ್ನು ಕೊರೆಯುತ್ತದೆ ಎಂದು ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ನಮ್ಮ ದೇಶ 1992ರಲ್ಲಿ ಅದಕ್ಕೆ ಸೇರಿತು. ಸಿಎಫ್‌ಸಿಯ ಜಾಗಕ್ಕೆ ಬಂದ ಆರ್-134ಎ ಓಝೋನನ್ನು ಕೆಡಿಸುವುದಿಲ್ಲ, ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ಮುನ್ನೂರು ಪಟ್ಟಿಗೂ ಮಿಗಿಲು. ತೂತು ಮುಚ್ಚದೆ ತುಂಬಿದ ಆ ನೂರು ಗ್ರಾಂ, ನೂರಮೂವತ್ತು ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟದ್ದಕ್ಕೆ ಸಮ. ಮೂರು ವಾರದಲ್ಲಿ ಅದು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ಹೋಯಿತು. 2,200 ರೂಪಾಯಿ ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ. ಇಡೀ ಫ್ರಿಜ್ಜು ಗುಜರಿಗೆ ಹೋದರೂ ಇದೇ ಆಗುತ್ತದೆ. ಅಲ್ಲಿ ತಾಮ್ರಕ್ಕಾಗಿ ಕೊಳವೆ ಕತ್ತರಿಸುವವರು ಒಳಗಿರುವುದನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಗೋಜಿಗೆ ಹೋಗುವುದಿಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಫ್ರಿಜ್ಜೂ ಇದೆ, ತಯಾರಕರ ಹೊಣೆಯೂ ಇದೆ. ಅದು ನಮ್ಮ ಬೀದಿಯ ಕೊನೆಯ ಗುಜರಿ ಅಂಗಡಿವರೆಗೆ ಇನ್ನೂ ನಡೆದು ಬಂದಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿಯೊಂದನ್ನು ಮಾಡಿತು, ಗೃಹಬಳಕೆಯ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿದ್ದವು. ಬಿಡಿಭಾಗ ಸಿಗಬೇಕು, ಕೈಪಿಡಿ ಸಿಗಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ನಮ್ಮ 2003ರ ಫ್ರಿಜ್ಜಿನ ಬೆನ್ನಿಗೆ ವೈರಿಂಗ್ ನಕ್ಷೆಯನ್ನೇ ಅಂಟಿಸಿದ್ದರು. ಆ ಹಿರಿಯರು ಅದರ ಮೇಲೆ ಬೆರಳಾಡಿಸುತ್ತ ಯಾವ ತಂತಿ ಎಲ್ಲಿಗೆ ಎಂದು ಹೇಳುತ್ತಿದ್ದರು. ಆದರೆ ಕೈಪಿಡಿ ಸಿಕ್ಕರೂ ಅದನ್ನು ಓದುವ ಅರ್ಧ ಗಂಟೆಗೆ ಬೆಲೆಯಿಲ್ಲದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಅಂದು ಅಪ್ಪನ ಪ್ರಶ್ನೆಗೆ ಅವರು ಬೇಸರಪಡದೆ ಹೇಳಿದ್ದರು: ‘ನೋಡಿದ್ದಕ್ಕೇ ದುಡ್ಡು ಸ್ವಾಮಿ. ಬೆಸುಗೆ ಯಾರು ಬೇಕಾದ್ರೂ ಹಾಕ್ತಾರೆ.’ ಅಪ್ಪ ಇನ್ನೂರು ಕೊಟ್ಟರು. ಫ್ರಿಜ್ಜು ಮತ್ತೆ ಐದು ವರ್ಷ ನಡೆಯಿತು.

ಕಳೆದ ಮಳೆಗಾಲದಲ್ಲಿ ಅದರ ಎಡಮಗ್ಗುಲು ಹೊರಗಿನಿಂದ ಬೆವರತೊಡಗಿತು. ಒರೆಸಿದರೆ ಮತ್ತೆ ಹನಿ. ಅವರನ್ನೇ ಕರೆಸಿದೆ. ಈಗ ಮೊದಲಿಗಿಂತ ನಿಧಾನ, ಮೊಣಕಾಲು ಊರಿ ಕೂರಲು ಏನನ್ನಾದರೂ ಹಿಡಿಯಬೇಕು. ಅಂಗೈಯನ್ನು ತಗಡಿಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಹಿಡಿದರು, ಬೆರಳಿನಿಂದ ತಟ್ಟಿ ಸದ್ದು ಕೇಳಿದರು, ಕೆಳ ಅಂಚಿನ ತುಕ್ಕನ್ನು ಉಗುರಿನಿಂದ ಕೆರೆದರು. ಒಳಗಿನ ಫೋಮ್ ನೀರು ಕುಡಿದಿದೆ, ತಂಪು ತಡೆಯುವ ಗುಣ ಹೋಗಿದೆ ಎಂದರು. ‘ಇನ್ನು ಇದಕ್ಕೆ ದುಡ್ಡು ಹಾಕಬೇಡಿ. ಗುಜರಿಗೆ ಕೊಡೋ ದಿನ ನಂಗೊಂದು ಫೋನ್ ಮಾಡಿ, ಗ್ಯಾಸ್ ಎಳಕೊಂಡು ಹೋಗ್ತೀನಿ.’ ಸ್ಪ್ಯಾನರ್ ಚೀಲದಿಂದ ಹೊರಗೆ ಬರಲೇ ಇಲ್ಲ. ಅಪ್ಪ ಒಳಗೆ ಹೋಗಿ ಮುನ್ನೂರು ರೂಪಾಯಿ ತಂದು ಅವರ ಕೈಗಿಟ್ಟರು.